ಏಳು ಜನರ ಬೋರ್ಡು, ಐವತ್ತು ಸಾವಿರ ಮಕ್ಕಳು

2022ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್ ಕಡೆ ಇರುವ ನನ್ನ ಗೆಳೆಯನ ಮನೆಗೆ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗಿದ್ದದ್ದು ಮತಪತ್ರ. ಗೆಳೆಯ ಹಾಸನದವನು. ಎಚ್-1ಬಿ ವೀಸಾ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ವರ್ಷಗಳೇ ಆಗಿವೆ. ಈ ದೇಶದ ಅಧ್ಯಕ್ಷರ ಮಾತಿರಲಿ, ಊರಿನ ಮೇಯರ್ ಯಾರಾಗಬೇಕು ಅನ್ನುವುದಕ್ಕೂ ಅವನಿಗೆ ಮತವಿಲ್ಲ. ಆದರೆ ಆ ಊರಲ್ಲಿ ಒಂದು ಅಪರೂಪದ ನಿಯಮ ಇದೆ. ಮನೆಯಲ್ಲಿ 19ಕ್ಕಿಂತ ಚಿಕ್ಕ ಮಗುವಿದ್ದರೆ ನಾಗರಿಕರಲ್ಲದ ಅಪ್ಪ ಅಮ್ಮನೂ ಶಾಲಾ ಮಂಡಳಿಯ ಚುನಾವಣೆಯಲ್ಲಿ ಮತ ಹಾಕಬಹುದು. 2016ರಲ್ಲಿ ಊರಿನ ಜನ ಮತ ಹಾಕಿ ತಂದ ನಿಯಮ ಇದು. 2018ರಿಂದ ಜಾರಿಯಲ್ಲಿದೆ.

ಹೆಸರು ನೋಂದಾಯಿಸುವಾಗ ಒಂದು ಎಚ್ಚರಿಕೆ ಓದಬೇಕು. ನೀವು ಇಲ್ಲಿ ಕೊಡುವ ಹೆಸರು, ವಿಳಾಸ ವಲಸೆ ಇಲಾಖೆಯವರ ಕೈಗೂ ಸಿಗಬಹುದು ಎಂದು ಚುನಾವಣಾ ಕಚೇರಿಯವರೇ ಅದರಲ್ಲಿ ಬರೆದಿರುತ್ತಾರೆ. ಗೆಳೆಯನ ಹೆಂಡತಿ ಅದನ್ನು ಓದಿ, "ಸುಮ್ನೆ ಯಾಕ್ರೀ ಇಲ್ಲದ ಉಸಾಬರಿ? ವೀಸಾ ರಿನ್ಯೂವಲ್ ಬೇರೆ ಬರ್ತಿದೆ" ಅಂದರಂತೆ. ಹೀಗೆ ಅಂದುಕೊಂಡವರೇ ಜಾಸ್ತಿ. ನೋಂದಾಯಿಸಿಕೊಂಡವರು ಇಡೀ ಊರಲ್ಲಿ ಕೆಲವೇ ನೂರು ಮಂದಿ. ನನ್ನ ಗೆಳೆಯ ಮಾತ್ರ ಹಾಕಿಯೇ ತೀರುತ್ತೇನೆ ಎಂದು ಕೂತ. ಅವನ ದೊಡ್ಡ ಮಗಳು ಒಂದನೇ ಕ್ಲಾಸಿನ ಬಹುಪಾಲನ್ನು ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪ್ ಎದುರು, ಒಂದು ಕಿವಿಗೆ ಮಾತ್ರ ಕೇಳುವ ಹೆಡ್‌ಫೋನ್ ಹಾಕಿಕೊಂಡು ಮುಗಿಸಿದ್ದಳು. ಆ ಸಿಟ್ಟು ಅವನಿಗಿತ್ತು.

ಅವನು ಹಾಕಿದ ಮತ ಯಾರನ್ನೂ ಆರಿಸುವುದಕ್ಕಲ್ಲ, ಮೂವರನ್ನು ಕೆಳಗಿಳಿಸುವುದಕ್ಕೆ. ಫೆಬ್ರವರಿ 15ರಂದು ಶಾಲಾ ಮಂಡಳಿಯ ಮೂವರು ಸದಸ್ಯರು ಮನೆಗೆ ಹೋದರು. ಇಬ್ಬರ ವಿರುದ್ಧ ನೂರಕ್ಕೆ 70ಕ್ಕೂ ಜಾಸ್ತಿ ಮತ ಬಿತ್ತು, ಮೂರನೆಯವರದ್ದೂ ಅದರ ಹತ್ತಿರವೇ. ಅಮೆರಿಕದ ಅತಿ ಉದಾರವಾದಿ ಊರು ಎಂದು ಹೆಸರಾದ ಕಡೆ ಹೀಗಾಗಿದ್ದರಿಂದ ದೇಶದ ಟಿವಿಗಳೆಲ್ಲ ಅತ್ತ ತಿರುಗಿದವು. ಅವರ ಕಥೆ ಅಲ್ಲಿಗೆ ಮುಗಿಯಿತು. ನನಗೆ ಕುತೂಹಲ ಇರುವುದು ಅದಾದ ಮೇಲಿನ ವರ್ಷಗಳ ಬಗ್ಗೆ. ಮಂಡಳಿ ಬದಲಾಯಿತು, ಸೂಪರಿಂಟೆಂಡೆಂಟ್ ಎರಡು ಸಲ ಬದಲಾದರು. ಶಾಲೆಗಳ ಲೆಕ್ಕ ಮಾತ್ರ ಇನ್ನೂ ಹೊಂದಿಕೆಯಾಗಿಲ್ಲ.

ಮೊದಲು, ಈ ಮಂಡಳಿ ನಡೆಸುವ 'ಸ್ಕೂಲ್ ಡಿಸ್ಟ್ರಿಕ್ಟ್' ಏನು ಅಂತ ನೋಡೋಣ. ನಮ್ಮ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಸರ್ಕಾರಿ ಶಾಲೆ ಅಂದರೆ ವಿಧಾನಸೌಧದಿಂದ ಇಳಿದು ಬರುವ ವ್ಯವಸ್ಥೆ. ಆಯುಕ್ತರು, ಡಿಡಿಪಿಐ, ಬಿಇಒ, ಹೆಡ್‌ಮಾಸ್ಟರ್. ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತೆ. ಎಸ್‌ಡಿಎಂಸಿ ಇದೆ, ಅದರಲ್ಲಿ ಪೋಷಕರೇ ಜಾಸ್ತಿ ಇರುತ್ತಾರೆ. ಆದರೆ ಎಸ್‌ಡಿಎಂಸಿ ಅಧ್ಯಕ್ಷರು ಮೇಷ್ಟ್ರನ್ನು ನೇಮಿಸುವಂತಿಲ್ಲ, ಪಠ್ಯ ಬದಲಿಸುವಂತಿಲ್ಲ, ಶಾಲೆ ಮುಚ್ಚುವಂತಿಲ್ಲ. ಅಮೆರಿಕದ ಡಿಸ್ಟ್ರಿಕ್ಟ್ ಇದೆಲ್ಲವನ್ನೂ ಮಾಡಬಹುದು. ಶಾಲೆಗಳಿಗಾಗಿಯೇ ಇರುವ ಒಂದು ಚಿಕ್ಕ ಸರ್ಕಾರ ಅದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದಕ್ಕೆ ಏಳು ಜನರ ಚುನಾಯಿತ ಬೋರ್ಡು. ಈ ಏಳು ಜನಕ್ಕೆ ತಿಂಗಳಿಗೆ 500 ಡಾಲರ್ ಗೌರವಧನ. ಆ ಊರಲ್ಲಿ ಅದು ಒಂದು ವಾರದ ಮನೆ ಬಾಡಿಗೆಗೂ ಸಾಲದು. ಅಂದರೆ ಹಗಲು ಬೇರೆ ಕೆಲಸ, ಸಂಜೆ ಬೋರ್ಡು. ಇವರ ಕೈಕೆಳಗೆ ಸುಮಾರು 50,000 ಮಕ್ಕಳು, ನೂರಕ್ಕೂ ಜಾಸ್ತಿ ಶಾಲೆಗಳು, ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಬಜೆಟ್. ದಿನದ ಆಡಳಿತ ನಡೆಸಲು ಸೂಪರಿಂಟೆಂಡೆಂಟ್ ಒಬ್ಬರನ್ನು ಇವರೇ ನೇಮಿಸುತ್ತಾರೆ, ಇವರೇ ಕಳಿಸುತ್ತಾರೆ.

ದುಡ್ಡಿನ ಲೆಕ್ಕವನ್ನೂ ಒಂದಿಷ್ಟು ತಿಳಿದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಹಣ ಮಕ್ಕಳ ಹಾಜರಿಯ ಲೆಕ್ಕದಲ್ಲಿ ಬರುತ್ತೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಮಗು ಆ ದಿನ ಬೆಂಚಿನ ಮೇಲೆ ಕೂತಿರಬೇಕು. ಮಗು ಬರಲಿಲ್ಲ ಅಂದರೆ ಹಣವೂ ಇಲ್ಲ. ಆದರೆ ಆ ಮಗುವಿದ್ದ ಕಟ್ಟಡದ ಹೀಟರ್, ಕಾವಲುಗಾರ, ಪ್ರಿನ್ಸಿಪಾಲ್ ಇವರ ಖರ್ಚು ಒಂದು ಪೈಸೆಯೂ ಕಡಿಮೆ ಆಗುವುದಿಲ್ಲ. ಈಗ ಇದಕ್ಕೆ ಊರಿನ ಸ್ವಭಾವ ಸೇರಿಸಿ. ಅಮೆರಿಕದ ದೊಡ್ಡ ಊರುಗಳ ಪೈಕಿ ಅತಿ ಕಡಿಮೆ ಮಕ್ಕಳಿರುವ ಊರು ಸ್ಯಾನ್ ಫ್ರಾನ್ಸಿಸ್ಕೋ. ಇರುವ ಮಕ್ಕಳಲ್ಲೂ ನೂರಕ್ಕೆ ಸುಮಾರು 30 ಮಂದಿ ಖಾಸಗಿ ಶಾಲೆಗೆ ಹೋಗುತ್ತಾರೆ. ಇನ್ನು ಸರ್ಕಾರಿ ಶಾಲೆಗೆ ಸೇರಿಸಬೇಕಾದರೆ ಲಾಟರಿ. ಮನೆಯ ಹಿಂದೆಯೇ ಶಾಲೆ ಇದ್ದರೂ ಮಗುವಿಗೆ ಊರಿನ ಆಚೆ ತುದಿಯ ಶಾಲೆ ಬರಬಹುದು. ಬಡವರ ಕೇರಿ, ಸಿರಿವಂತರ ಕೇರಿ ಎಂದು ಶಾಲೆ ಒಡೆಯಬಾರದು ಅನ್ನುವುದು ಅದರ ಹಿಂದಿನ ಆಸೆ. ಒಳ್ಳೆಯ ಆಸೆಯೇ. ಆದರೆ ಕೈಯಲ್ಲಿ ಕಾಸಿದ್ದವರು ಲಾಟರಿ ಚೀಟಿ ನೋಡಿ ಖಾಸಗಿ ಶಾಲೆಗೆ ಹೋದರು, ಇಲ್ಲವೇ ದಕ್ಷಿಣಕ್ಕೆ ಮನೆ ಬದಲಿಸಿದರು. ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್ ಕಡೆ ಕನ್ನಡದವರು ಅಷ್ಟೊಂದು ಸೇರಿಕೊಳ್ಳಲು ಆಫೀಸು ಹತ್ತಿರ ಅನ್ನುವುದು ಒಂದು ಕಾರಣವಾದರೆ, ಶಾಲೆ ಇನ್ನೊಂದು.

ಇಂಥ ಊರಲ್ಲಿ 2020ರ ಮಾರ್ಚ್‌ನಲ್ಲಿ ಕೋವಿಡ್‌ಗಾಗಿ ಶಾಲೆ ಮುಚ್ಚಿತು. ಆ ಶರತ್ಕಾಲದ ಹೊತ್ತಿಗೆ ಪಕ್ಕದ ಖಾಸಗಿ ಶಾಲೆಗಳು ಒಂದೊಂದಾಗಿ ತೆರೆದವು, ಸರ್ಕಾರಿ ಶಾಲೆ ತೆರೆಯಲಿಲ್ಲ. 2021ರ ಜನವರಿ ಕೊನೆಯ ವಾರ ಬೋರ್ಡು ಒಂದು ದೊಡ್ಡ ತೀರ್ಮಾನ ಮಾಡಿತು. ಶಾಲೆ ತೆರೆಯುವುದಲ್ಲ, 44 ಶಾಲೆಗಳ ಹೆಸರು ಬದಲಿಸುವುದು. ಮಕ್ಕಳಿಲ್ಲದ ಶಾಲೆಗಳ ಹೆಸರು! ಮತ 6-1.

ಪಟ್ಟಿಯಲ್ಲಿ ವಾಷಿಂಗ್ಟನ್ ಇದ್ದರು, ಅವರ ಬಳಿ ಗುಲಾಮರಿದ್ದರು ಎಂದು. ಲಿಂಕನ್ ಇದ್ದರು, 1862ರಲ್ಲಿ 38 ಡಕೋಟಾ ಬುಡಕಟ್ಟಿನವರನ್ನು ಗಲ್ಲಿಗೇರಿಸಿದ್ದು ಅವರ ಕಾಲದಲ್ಲಿ ಎಂದು. ಆಗಿನ್ನೂ ಬದುಕಿದ್ದ, ಸಂಸತ್ತಿನಲ್ಲಿ ಆ ರಾಜ್ಯವನ್ನೇ ಪ್ರತಿನಿಧಿಸುತ್ತಿದ್ದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಕೂಡ ಇದ್ದರು. ಇದರಲ್ಲಿ ಚರ್ಚೆಗೆ ಜಾಗವಿದೆ, ಇಲ್ಲ ಅಂತಲ್ಲ. ರಸ್ತೆ, ವೃತ್ತ, ಬಸ್‌ಸ್ಟ್ಯಾಂಡ್ ಹೆಸರಿಗೆ ನಾವೂ ಕಿತ್ತಾಡಿದವರೇ. ಆದರೆ ಮನೆಗೆಲಸ ಮಾಡದೆ ಬಂದ ಹುಡುಗರ ಹಾಗೆ ಕೆಲಸ ನಡೆದಿತ್ತು. ಇತಿಹಾಸಕಾರರನ್ನು ಕರೆದು ಕೇಳಲಿಲ್ಲ. ಪಾಲ್ ರಿವಿಯರ್ ಎಂಬ ಸ್ವಾತಂತ್ರ್ಯ ಹೋರಾಟಗಾರನ ಹೆಸರನ್ನು ತೆಗೆಯಲು ಕೊಟ್ಟ ಕಾರಣ, ಅವನು ಪೆನೊಬ್‌ಸ್ಕಾಟ್ ಬುಡಕಟ್ಟಿನವರ ನೆಲ ಕಸಿಯಲು ಹೋದ ಎಂದು. ಅಸಲಿಗೆ ಅವನು ಹೋಗಿದ್ದು ಪೆನೊಬ್‌ಸ್ಕಾಟ್ ಎಂಬ ಜಾಗದಲ್ಲಿದ್ದ ಬ್ರಿಟಿಷರ ಕೋಟೆಯ ಮೇಲೆ. ಅಂತರ್ಜಾಲದಲ್ಲಿ ಎರಡು ನಿಮಿಷ ಓದಿ ಬರೆದಂಥ ತಪ್ಪು. ಏಪ್ರಿಲ್‌ನಲ್ಲಿ ಬೋರ್ಡು ಈ ತೀರ್ಮಾನವನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ, ಶಾಲೆ ತೆರೆಯಿರಿ ಎಂದು ಊರಿನ ಆಡಳಿತವೇ ತನ್ನ ಶಾಲಾ ಮಂಡಳಿಯ ಮೇಲೆ ಕೋರ್ಟಿಗೆ ಹೋಗಿತ್ತು.

ನಡುವೆ ಫೆಬ್ರವರಿ 9ರ ಸಭೆ ಒಂದಿದೆ. ಎಲ್ಲವೂ ಝೂಮ್‌ನಲ್ಲಿ. ಪೋಷಕರ ಸಲಹಾ ಸಮಿತಿಗೆ ಒಬ್ಬ ಅಪ್ಪನ ಹೆಸರು ಬಂದಿತ್ತು. ಸಂಬಳವಿಲ್ಲದ ಕೆಲಸ. ಸಮಿತಿಯಲ್ಲಿ ಆಗ ಇದ್ದವರೆಲ್ಲ ಹೆಂಗಸರು. ಈತ ಬಿಳಿಯ, ಸಲಿಂಗಿ. ಇಂಥವರು ಬಂದರೆ ಸಮಿತಿಯ ವೈವಿಧ್ಯ ಹೆಚ್ಚುತ್ತದೋ ಇಲ್ಲವೋ ಎಂದು ಸುಮಾರು ಎರಡು ಗಂಟೆ ಚರ್ಚೆ ಆಯಿತು. ಆ ಹೊತ್ತಿನಲ್ಲಿ ಆ ಅಪ್ಪ ತೆರೆಯ ಮೇಲೆ ಸುಮ್ಮನೆ ಕೂತಿದ್ದ. ಅವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೊನೆಗೆ ಬೇಡ ಅಂದರು. ಅದೇ ಸಭೆಯಲ್ಲಿ ಶಾಲೆ ಯಾವಾಗ ತೆರೆಯುತ್ತೀರಿ ಎಂದು ಕೇಳಲು ಪೋಷಕರು ಕಾದು ಕೂತಿದ್ದರು.

ಅದೇ ರಾತ್ರಿ ಇನ್ನೊಂದು ಮತವೂ ಆಯಿತು. ಲೊವೆಲ್ ಹೈಸ್ಕೂಲಿನ ವಿಚಾರ. 1856ರಲ್ಲಿ ಶುರುವಾದ ಶಾಲೆ, ಅಂಕ ನೋಡಿ ಸೇರಿಸಿಕೊಳ್ಳುವ ಶಾಲೆ. 2022ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಸ್ಟೀಫನ್ ಬ್ರೇಯರ್ ಅಲ್ಲಿ ಓದಿದವರು. ಅವರ ತಂದೆ ಇದೇ ಶಾಲಾ ಮಂಡಳಿಯ ವಕೀಲರಾಗಿದ್ದರು, ಬೋರ್ಡಿನ ಸಭಾಂಗಣಕ್ಕೆ ಅವರದ್ದೇ ಹೆಸರು. ಲೊವೆಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಏಷ್ಯಾ ಮೂಲದ ಮಕ್ಕಳು. ಕಪ್ಪು ಮಕ್ಕಳು ಬೆರಳೆಣಿಕೆ, ಇದ್ದವರು ಅನುಭವಿಸಿದ ಅವಮಾನಗಳೂ ಸುಳ್ಳಲ್ಲ. ಬೋರ್ಡು 5-2ರಿಂದ ಅಂಕದ ಪದ್ಧತಿ ತೆಗೆದು ಲೊವೆಲ್‌ಗೂ ಲಾಟರಿ ತಂದಿತು. ಚೀನಾ ಮೂಲದ ಪೋಷಕರು ರೊಚ್ಚಿಗೆದ್ದರು. ಸಭೆಯ ಸೂಚನೆಯನ್ನು ಸರಿಯಾಗಿ ಕೊಟ್ಟಿರಲಿಲ್ಲ ಎಂದು ಕೋರ್ಟು ಆ ಮತವನ್ನು ರದ್ದು ಮಾಡಿತು. ಲಾಟರಿಯಲ್ಲಿ ಬಂದ ಮೊದಲ ತಂಡದಲ್ಲಿ ನೂರಕ್ಕೆ 24 ಮಕ್ಕಳು ಮೊದಲ ಸೆಮಿಸ್ಟರ್‌ನಲ್ಲಿ ಒಂದಾದರೂ ಡಿ ಅಥವಾ ಎಫ್, ಅಂದರೆ ತೀರಾ ಕೆಳಗಿನ ದರ್ಜೆ, ತೆಗೆದರು. ಹಿಂದಿನ ಎರಡು ವರ್ಷ ಅದು ನೂರಕ್ಕೆ 8ರ ಆಸುಪಾಸು ಇತ್ತು. ವಿರೋಧಿಗಳು ಈ ಅಂಕಿಯನ್ನು ಬಾವುಟದ ಹಾಗೆ ಹಿಡಿದು ಓಡಾಡಿದರು. ಆದರೆ ಆ ಮಕ್ಕಳು ಒಂದು ವರ್ಷ ಶಾಲೆಯನ್ನೇ ನೋಡದೆ ಬಂದವರು. ಎಷ್ಟು ಪಾಲು ಲಾಟರಿಯದ್ದು, ಎಷ್ಟು ಪಾಲು ಕೋವಿಡ್‌ನದ್ದು ಎಂದು ಬೇರ್ಪಡಿಸುವುದು ಕಷ್ಟ. ನನ್ನ ತಕರಾರು ಬೇರೆ. ಹೊಸ ಬಗೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತೀರಿ ಅಂದರೆ ಅವರಿಗೆ ಹೊಸದಾಗಿ ಟ್ಯೂಷನ್ ಏನು, ಕೌನ್ಸೆಲರ್ ಎಷ್ಟು ಜನ ಎಂದು ಮೊದಲು ಕೇಳಬೇಕು ಅಲ್ವಾ? ಬಾಗಿಲು ತೆರೆಯುವ ಬಗ್ಗೆ ರಾತ್ರಿಯಿಡೀ ಮಾತಾಡಿದವರು, ಒಳಗೆ ಬಂದ ಮಗುವಿನ ಬಗ್ಗೆ ಅಷ್ಟು ಮಾತಾಡಲಿಲ್ಲ. 2022ರ ಜೂನ್‌ನಲ್ಲಿ ಹೊಸ ಬೋರ್ಡು 4-3ರಿಂದ ಅಂಕದ ಪದ್ಧತಿಯನ್ನೇ ವಾಪಸ್ ತಂದಿತು.

ಇಷ್ಟೆಲ್ಲ ಆದಮೇಲೆ ಸಹಿ ಸಂಗ್ರಹ ಶುರುವಾದದ್ದರಲ್ಲಿ ಆಶ್ಚರ್ಯವಿಲ್ಲ. ಒಬ್ಬೊಬ್ಬ ಸದಸ್ಯರ ವಿರುದ್ಧವೂ 51,000ಕ್ಕೂ ಜಾಸ್ತಿ ಸಹಿ ಬೇಕಿತ್ತು. ಇದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಶಿವ ರಾಜ್, ಭಾರತದಿಂದ ವಲಸೆ ಬಂದವರು. ಆಗ ಮತದಾರರಾಗಲು ಅವರಿಗಿದ್ದ ದಾರಿಯೂ ನನ್ನ ಗೆಳೆಯನಿಗಿದ್ದ ಅದೇ ಕಿಂಡಿ.

ಇನ್ನು ನಮ್ಮೂರಿಗೂ ನಂಟಿರುವ ಅಧ್ಯಾಯ. ಆ ಮೂವರನ್ನು ಕೆಳಗಿಳಿಸುವ ಮತದಾನದ, ಅಂದರೆ ರಿಕಾಲ್‌ನ, ಗದ್ದಲ ಜೋರಾಗಿದ್ದ ಅದೇ 2022ರ ಜನವರಿಯಲ್ಲಿ ಮಂಡಳಿ ಸಂಬಳ ಕೊಡುವ ಹೊಸ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿತು. ಹೆಸರು 'ಎಂಪವರ್'. ಎಸ್‌ಎಪಿ ತಂತ್ರಾಂಶದ ಮೇಲೆ ಇದನ್ನು ಕಟ್ಟಿಕೊಡುವ ಗುತ್ತಿಗೆ, ಸುಮಾರು 1.4 ಕೋಟಿ ಡಾಲರಿನದ್ದು, ನಮ್ಮ ಇನ್ಫೋಸಿಸ್‌ಗೆ ಸಿಕ್ಕಿತ್ತು. ಶುರುವಾದ ತಿಂಗಳಿನಿಂದಲೇ ಎಡವಟ್ಟು. ಕೆಲವು ಮೇಷ್ಟ್ರುಗಳಿಗೆ ಸಂಬಳವೇ ಬರಲಿಲ್ಲ. ಕೆಲವರಿಗೆ ಅರ್ಧ ಬಂತು. ಕೆಲವರ ಪಿಂಚಣಿ ಖಾತೆಗೆ ದುಡ್ಡು ಹೋಗಲಿಲ್ಲ. ಕೆಲವರು ಡಾಕ್ಟರ ಹತ್ತಿರ ಹೋದಾಗಲೇ ಗೊತ್ತಾಗಿದ್ದು, ವಿಮೆ ನಿಂತುಹೋಗಿದೆ ಎಂದು. ಮಾರ್ಚ್‌ನಲ್ಲಿ ಶಿಕ್ಷಕರು ಫ್ರಾಂಕ್ಲಿನ್ ಬೀದಿಯ ಪ್ರಧಾನ ಕಚೇರಿಗೆ ನುಗ್ಗಿ, ಅಲ್ಲೇ ಧರಣಿ ಕೂತು ರಾತ್ರಿ ನೆಲದ ಮೇಲೆ ಮಲಗಿದರು. ನವೆಂಬರ್‌ನಲ್ಲಿ ಸೂಪರಿಂಟೆಂಡೆಂಟ್ ಮ್ಯಾಟ್ ವೇಯ್ನ್ ಇದನ್ನು ತುರ್ತು ಪರಿಸ್ಥಿತಿ ಎಂದೇ ಘೋಷಿಸಿದರು. ಸರಿಪಡಿಸಲು ಬೇರೆ ಸಲಹೆಗಾರರು, ಬೇರೆ ಖರ್ಚು. ಒಟ್ಟು ಖರ್ಚು 3 ಕೋಟಿ ಡಾಲರ್ ದಾಟಿದ ಮೇಲೆ ಅದನ್ನು ಕೈಬಿಟ್ಟು ಇನ್ನೊಂದು ವ್ಯವಸ್ಥೆಗೆ ಹೋಗುವ ತೀರ್ಮಾನವಾಯಿತು.

ಮಗಳ ಟೀಚರ್ ಒಬ್ಬರು ಪೋಷಕರ ಭೇಟಿಯ ದಿನ ನನ್ನ ಗೆಳೆಯನನ್ನು, "ನೀವು ಬೆಂಗಳೂರು ಕಡೆಯವರು ಅಲ್ವಾ? ನನ್ನ ಪೇಸ್ಲಿಪ್ ಬಗ್ಗೆ ಅಲ್ಲಿ ಯಾರಿಗಾದರೂ ಹೇಳಕ್ಕಾಗತ್ತಾ?" ಎಂದು ನಗುತ್ತಾ ಕೇಳಿದರಂತೆ. ಅವನೂ ಸಾಫ್ಟ್‌ವೇರಿನವನೇ, ಬೇರೆ ಕಂಪನಿ. ಆದರೂ ಅವತ್ತು ತಲೆ ತಗ್ಗಿಸಿದ್ದ. ತಪ್ಪು ಒಬ್ಬರದ್ದೇ ಅಂತಲ್ಲ. ಹತ್ತಾರು ಬಗೆಯ ಹುದ್ದೆ, ಬದಲಿ ಶಿಕ್ಷಕರ ದಿನಗೂಲಿ, ಹೆರಿಗೆ ರಜೆ, ಹೆಚ್ಚುವರಿ ಗಂಟೆ, ಎರಡು ಶಾಲೆಯಲ್ಲಿ ಅರ್ಧರ್ಧ ದಿನ ಕೆಲಸ ಮಾಡುವವರು ಇವೆಲ್ಲವನ್ನೂ ಸರಿಯಾಗಿ ವಿವರಿಸುವುದು ಮಂಡಳಿಯ ಕೆಲಸವಾಗಿತ್ತು. ಅದನ್ನು ತಿಳಿದವರು ಕಚೇರಿಯಲ್ಲಿ ಕಡಿಮೆ ಇದ್ದರು. ಇದ್ದವರಿಗೆ ತರಬೇತಿ ಸಾಲದಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗಾದರೂ ಈ ಕಥೆ ಗೊತ್ತೇ ಇರುತ್ತೆ. ಬೇಕಾದ್ದೇನು ಎಂದು ಹೇಳಬಲ್ಲವರು ಮೀಟಿಂಗಿಗೆ ಬರುವುದಿಲ್ಲ, ಬಂದವರಿಗೆ ಗೊತ್ತಿರುವುದಿಲ್ಲ.

ಮಕ್ಕಳಿಗೂ ಸಂಬಳದ ತಂತ್ರಾಂಶಕ್ಕೂ ಏನು ಸಂಬಂಧ ಅನ್ನಬೇಡಿ. ಬಾಡಿಗೆ ಕಟ್ಟಲಾಗದ ಟೀಚರ್ ಪಕ್ಕದ ಊರಿನ ಡಿಸ್ಟ್ರಿಕ್ಟ್‌ಗೆ ಅರ್ಜಿ ಹಾಕುತ್ತಾರೆ. ಅವರ ಜಾಗಕ್ಕೆ ದಿನಕ್ಕೊಬ್ಬ ಬದಲಿ ಟೀಚರ್ ಬರುತ್ತಾರೆ. ಓದಲು ತಡಬಡಾಯಿಸುವ ಮಗುವಿಗೆ, ವಿಶೇಷ ಗಮನ ಬೇಕಾದ ಮಗುವಿಗೆ ಪರಿಚಿತ ಮುಖ ಒಂದು ಕಡಿಮೆಯಾಗುತ್ತೆ. ಗೌರವಧನಕ್ಕೆ ತಿಂಗಳುಗಟ್ಟಲೆ ಕಾದು ಕೂತ ಅತಿಥಿ ಶಿಕ್ಷಕರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಿಕಾಲ್ ಆದಮೇಲೆ ಬಂದ ಬೋರ್ಡು ಒಂದು ಕುತೂಹಲದ ಕೆಲಸ ಮಾಡಿತು. ಸಭೆಯ ಹೊತ್ತನ್ನು ಅಳೆಯಲು ಶುರು ಮಾಡಿತು. ಸಭೆಯ ಅರ್ಧ ಸಮಯ ಮಕ್ಕಳ ಕಲಿಕೆಯ ಬಗ್ಗೆ ಹೋಗಬೇಕು ಎಂಬ ಗುರಿ. ಯಾವ ವಿಷಯಕ್ಕೆ ಎಷ್ಟು ನಿಮಿಷ ಎಂದು ಲೆಕ್ಕ. ಜೊತೆಗೆ ಅಳೆಯಬಹುದಾದ ಗುರಿಗಳು. ಮೂರನೇ ತರಗತಿಯಲ್ಲಿ ಸರಿಯಾಗಿ ಓದಬಲ್ಲ ಮಕ್ಕಳ ಪಾಲನ್ನು 2027ರೊಳಗೆ ನೂರಕ್ಕೆ 52ರಿಂದ 70ಕ್ಕೆ ಏರಿಸುವುದು, ಎಂಟನೇ ತರಗತಿ ಗಣಿತದಲ್ಲಿ 42ರಿಂದ 65ಕ್ಕೆ. ಗುರಿ ಮುಟ್ಟುತ್ತಾರೋ ಇಲ್ಲವೋ, ನನಗೆ ಇಷ್ಟವಾದದ್ದು ನಿಮಿಷ ಎಣಿಸಿದ್ದು. ನಾವು ಯಾವುದಕ್ಕೆ ಹೊತ್ತು ಕೊಡುತ್ತೇವೆ ಅನ್ನುವುದೇ ಆಡಳಿತ. ಹಿಂದಿನ ಬೋರ್ಡಿನ ಸದಸ್ಯರು ಕೆಟ್ಟವರಾಗಿರಲಿಲ್ಲ, ಅವರ ಆಸೆಗಳೂ ಕೆಟ್ಟವಲ್ಲ. ಗಡಿಯಾರ ಮಾತ್ರ ತಪ್ಪು ಕೋಣೆಯಲ್ಲಿತ್ತು. ರಿಕಾಲ್ ಅನ್ನು 'ಎಡ ಸೋತಿತು, ಬಲ ಗೆದ್ದಿತು' ಎಂದು ಓದಿದವರನ್ನು ನಾನು ಒಪ್ಪುವುದಿಲ್ಲ. ಊರಿನ ಮತದಾರರು ಅದಕ್ಕೆ ಮೊದಲೂ ಡೆಮಾಕ್ರಾಟರು, ಆಮೇಲೂ ಡೆಮಾಕ್ರಾಟರು.

ಗಣಿತ ಅಂದಕೂಡಲೇ ನಮ್ಮವರ ಕಿವಿ ನೆಟ್ಟಗಾಗುತ್ತೆ, ಅದನ್ನೂ ಹೇಳಿಬಿಡುತ್ತೇನೆ. 2014ರಲ್ಲಿ ಈ ಡಿಸ್ಟ್ರಿಕ್ಟ್ ಎಂಟನೇ ತರಗತಿಯಿಂದ ಬೀಜಗಣಿತ ತೆಗೆದು ಒಂಬತ್ತಕ್ಕೆ ಹಾಕಿತು. ಎಂಟರಲ್ಲಿ ಫೇಲಾಗಿ ಮತ್ತೆ ಅದೇ ಪಾಠ ಓದುವ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಬಹಳ ಇದ್ದರು. ಎಲ್ಲರೂ ಒಟ್ಟಿಗೆ ನಿಧಾನಕ್ಕೆ ಹೋಗೋಣ ಅನ್ನುವ ವಿಚಾರ. ಆಗಿದ್ದೇನು? ದುಡ್ಡಿದ್ದವರು ಹೊರಗೆ ಆನ್‌ಲೈನ್ ಕೋರ್ಸು ಕೊಂಡು ಮಕ್ಕಳನ್ನು ಮುಂದಕ್ಕೆ ದಾಟಿಸಿದರು. ಇಲ್ಲದವರ ಮಕ್ಕಳು, ಲೆಕ್ಕದಲ್ಲಿ ಚುರುಕಾಗಿದ್ದರೂ, ಕಾದರು. ಮೇಲಿನ ಹಂತದ ಗಣಿತದಲ್ಲಿ ಜನಾಂಗಗಳ ನಡುವಿನ ಅಂತರ ಕಡಿಮೆಯಾಗಲಿಲ್ಲ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ತೋರಿಸಿದರು. 2024ರ ಮಾರ್ಚ್‌ನಲ್ಲಿ ಎಂಟಕ್ಕೆ ಬೀಜಗಣಿತ ಬೇಕೆಂದು ಊರಿನ ನೂರಕ್ಕೆ 80ಕ್ಕೂ ಜಾಸ್ತಿ ಜನ ಮತ ಹಾಕಿದರು. ಆ ಮತಕ್ಕೆ ಕಾನೂನಿನ ಬಲವಿಲ್ಲ. ಆದರೂ ಬೋರ್ಡು ಅದಕ್ಕೂ ಸ್ವಲ್ಪ ಮುಂಚೆಯೇ ಜಗ್ಗಿ, ವಾಪಸ್ ತರುವುದಕ್ಕೆ ಒಪ್ಪಿತ್ತು. ಹತ್ತು ವರ್ಷದ ಒಂದು ಸುತ್ತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಓದಿ ಹೊರಗೆ ಹೋದರು.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 2012-13ರಿಂದ ಡಿಸ್ಟ್ರಿಕ್ಟ್ 4,000ಕ್ಕೂ ಜಾಸ್ತಿ ಮಕ್ಕಳನ್ನು ಕಳೆದುಕೊಂಡಿತ್ತು. ಶಾಲೆಗಳಲ್ಲಿ ಸುಮಾರು 14,000 ಸೀಟು ಖಾಲಿ. 2025-26ರ ಬಜೆಟ್ಟಿನಲ್ಲಿ 11 ಕೋಟಿ ಡಾಲರಿಗೂ ಜಾಸ್ತಿ ಕೊರತೆ ಕಾಣುತ್ತಿತ್ತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸಲಹೆಗಾರರನ್ನು ಕೂರಿಸಿತು. ಹೆಸರಿಗೆ ಸಲಹೆಗಾರರು. ಬೋರ್ಡಿನ ಹಣಕಾಸಿನ ತೀರ್ಮಾನವನ್ನು ತಡೆಯುವ, ರದ್ದು ಮಾಡುವ ಅಧಿಕಾರವನ್ನೂ ಅವರಿಗೆ ಕೊಟ್ಟಿತು. ಶಾಲೆಗಳನ್ನು ಕಡಿಮೆ ಮಾಡದೆ ದಾರಿಯಿಲ್ಲ ಎಂದು ವೇಯ್ನ್ ಹೇಳಿದರು. ಪ್ರಾಥಮಿಕ ಶಾಲೆಯಲ್ಲಿ 260ಕ್ಕಿಂತ ಕಡಿಮೆ ಮಕ್ಕಳಿದ್ದರೆ ಅದರ ಮೇಲೆ ಕಣ್ಣು. ಅದರ ತರ್ಕ ಸುಳ್ಳಲ್ಲ. 180 ಮಕ್ಕಳ ಶಾಲೆಗೆ ಪೂರ್ತಿ ದಿನದ ನರ್ಸ್, ಗ್ರಂಥಪಾಲಕರು, ಮನೋವೈದ್ಯಕೀಯ ಸಹಾಯಕರು ಇವರನ್ನೆಲ್ಲ ಕೊಡುವುದು ಕಷ್ಟ. ಎರಡು ಶಾಲೆ ಸೇರಿದರೆ ಕೊಡಬಹುದು. ಮಕ್ಕಳಿಗೆ ನೆರವು ಹೆಚ್ಚಿಸಲು ಶಾಲೆ ಮುಚ್ಚಬೇಕು ಅನ್ನುವುದು ಕಿವಿಗೆ ಒಪ್ಪದ ಮಾತು, ಕಾಗದದ ಮೇಲೆ ಒಪ್ಪುವ ಲೆಕ್ಕ.

ಸೆಪ್ಟೆಂಬರ್‌ನಲ್ಲಿ ಬರಬೇಕಿದ್ದ ಪಟ್ಟಿ ಬರಲಿಲ್ಲ. ತಡವಾಗಿ ಅಕ್ಟೋಬರ್ 8ರಂದು ಬಂತು. ಮುಚ್ಚಬಹುದಾದ ಅಥವಾ ಇನ್ನೊಂದರ ಜೊತೆ ಸೇರಿಸಬಹುದಾದ 13 ಶಾಲೆಗಳು. ಅದರಲ್ಲಿ ಸ್ಪ್ರಿಂಗ್ ವ್ಯಾಲಿ ಎಂಬ ಪ್ರಾಥಮಿಕ ಶಾಲೆಯೂ ಇತ್ತು. 1852ರಲ್ಲಿ ಶುರುವಾದದ್ದು. 1884ರಲ್ಲಿ ಮೇಮಿ ಟೇಪ್ ಎಂಬ ಎಂಟು ವರ್ಷದ ಹುಡುಗಿಯನ್ನು, ಚೀನೀಯಳು ಎಂಬ ಕಾರಣಕ್ಕೆ ಇದೇ ಶಾಲೆ ಸೇರಿಸಿಕೊಳ್ಳಲಿಲ್ಲ. ಅಪ್ಪ ಅಮ್ಮ ಕೋರ್ಟಿಗೆ ಹೋದರು, 1885ರಲ್ಲಿ ಗೆದ್ದರು. ಕೂಡಲೇ ರಾಜ್ಯದ ಶಾಸಕರು ಚೀನೀಯರಿಗೆ ಬೇರೆ ಶಾಲೆ ಮಾಡಬಹುದು ಎಂದು ಕಾನೂನು ತಂದು ಆ ಗೆಲುವನ್ನು ಮುರಿದರು. ಪಟ್ಟಿಯಲ್ಲಿ ಯಿಕ್ ವೋ ಎಂಬ ಶಾಲೆಯೂ ಇತ್ತು. ಅದು ಚೀನೀ ದೋಬಿಗಳು 1886ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಮೊಕದ್ದಮೆಯ ಹೆಸರು. ಒಂದು ಕಟ್ಟಡದ ಜೊತೆ ಒಂದು ಜನದ ಇಷ್ಟೆಲ್ಲ ನೆನಪು ಅಂಟಿಕೊಂಡಿರುವಾಗ ಮಕ್ಕಳ ತಲೆ ಎಣಿಸಿ ಮಾಡಿದ ಪಟ್ಟಿಯನ್ನು ಯಾರು ತಣ್ಣಗೆ ಓದುತ್ತಾರೆ?

ಮೇಯರ್ ಲಂಡನ್ ಬ್ರೀಡ್ ಅವರಿಗೆ ನವೆಂಬರ್ 5ಕ್ಕೆ ಚುನಾವಣೆ. ಶಾಲೆಗಳನ್ನು ನಡೆಸುವ ಅಧಿಕಾರ ಕಾನೂನಿನಲ್ಲಿ ಮೇಯರ್‌ಗಿಲ್ಲ. ಆದರೂ ತನಗೆ ಸೂಪರಿಂಟೆಂಡೆಂಟ್ ಮೇಲೆ ನಂಬಿಕೆ ಹೋಗಿದೆ ಎಂದರು. ಪಟ್ಟಿ ಬಂದ ಹತ್ತು ದಿನಕ್ಕೆ ವೇಯ್ನ್ ರಾಜೀನಾಮೆ ಕೊಟ್ಟರು. ಮುಚ್ಚುವ ಯೋಜನೆ ನಿಂತಿತು. ಊರಿನ ಮಕ್ಕಳ ಇಲಾಖೆ ನಡೆಸುತ್ತಿದ್ದ ಮರಿಯಾ ಸೂ ಆ ಕುರ್ಚಿಗೆ ಬಂದರು. ಅದಕ್ಕೆ ಮುಂಚೆ ಅವರು ಯಾವ ಶಾಲಾ ಡಿಸ್ಟ್ರಿಕ್ಟನ್ನೂ ನಡೆಸಿದವರಲ್ಲ. ಬ್ರೀಡ್ ಚುನಾವಣೆ ಸೋತರು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. 2022ರಲ್ಲಿ ಇದೇ ಊರು, ಆದರ್ಶದ ಭಾಷಣ ಸಾಕು, ಲೆಕ್ಕ ನೋಡುವವರು ಬೇಕು ಎಂದು ಮತ ಹಾಕಿತ್ತು. ಎರಡೂವರೆ ವರ್ಷಕ್ಕೆ ಒಬ್ಬರು ಲೆಕ್ಕ ತಂದು ಮೇಜಿನ ಮೇಲಿಟ್ಟರು. ಅವರನ್ನು ಕಳಿಸಿತು. ವೇಯ್ನ್ ಅವರ ತಪ್ಪುಗಳಿಗೆ ಕೊರತೆಯಿಲ್ಲ. ಹೇಳಿದ ದಿನ ಪಟ್ಟಿ ಕೊಡಲಿಲ್ಲ. ಕೊಟ್ಟಾಗ, ಈ ಮಗು ಮುಂದಿನ ವರ್ಷ ಎಲ್ಲಿಗೆ ಹೋಗುತ್ತೆ, ಬಸ್ಸು ಯಾವುದು, ಈಗಿನ ವಿಶೇಷ ಟೀಚರ್ ಜೊತೆಗೆ ಬರುತ್ತಾರಾ ಎಂಬ ಪ್ರಶ್ನೆಗಳಿಗೆ ಪೋಷಕರಿಗೆ ತೃಪ್ತಿಯಾಗುವ ಉತ್ತರವಿರಲಿಲ್ಲ. ಎಲ್ಲ ಮುಚ್ಚಿದ್ದರೂ ಕೊರತೆಯ ಒಂದು ಸಣ್ಣ ಪಾಲು ಮಾತ್ರ ತುಂಬುತ್ತಿತ್ತು. ಆದರೆ ಪಟ್ಟಿ ಹರಿದರೆ ಸೀಟು ತುಂಬುವುದಿಲ್ಲ. ಮುಂದಿನ ಬಜೆಟ್ಟಿಗೆ ಬೇರೆ ಕಡೆ ಕತ್ತರಿ ಹಾಕಬೇಕಾಯಿತು. ಕೇಂದ್ರ ಕಚೇರಿಯ ಹುದ್ದೆಗಳು, ಹಿರಿಯ ಶಿಕ್ಷಕರಿಗೆ ಅವಧಿಗೆ ಮುನ್ನ ನಿವೃತ್ತಿ. ಶಾಲೆ ಮುಚ್ಚಿದರೆ ಊರಿಗೇ ಕಾಣುತ್ತೆ, ಟಿವಿ ಬರುತ್ತೆ. ಅನುಭವಿ ಟೀಚರ್ ಒಬ್ಬರು ಜೂನ್‌ನಲ್ಲಿ ಹೊರಟುಹೋದರೆ ಆ ಒಂದು ಕ್ಲಾಸಿಗೆ ಮಾತ್ರ ಕಾಣುತ್ತೆ. ಮಕ್ಕಳು ಕಡಿಮೆ ಎಂದು ಹಳ್ಳಿ ಶಾಲೆಗಳನ್ನು ವಿಲೀನ ಮಾಡುವ ಜಗಳ ಕರ್ನಾಟಕದಲ್ಲೂ ನಡೆದೇ ಇದೆ. ಅಲ್ಲಿ ಪೋಷಕರು ಯಾರನ್ನು ಕೇಳಬೇಕು ಎಂದೇ ಗೊತ್ತಾಗದೆ ಬಿಇಒ ಕಚೇರಿಯ ಮುಂದೆ ನಿಲ್ಲುತ್ತಾರೆ. ಇಲ್ಲಿ ಯಾರನ್ನು ಕೇಳಬೇಕು ಎಂದು ಚೆನ್ನಾಗಿ ಗೊತ್ತು. ಕೇಳಿಸಿಕೊಂಡವರಿಗೆ ತೀರ್ಮಾನ ಮಾಡಲು ಆಗುವುದಿಲ್ಲ.

ಊರಿನವರಿಗೆ ದುಡ್ಡು ಕೊಡಲು ಮನಸ್ಸಿಲ್ಲ ಅಂತಲ್ಲ. 2022ರ ನವೆಂಬರ್‌ನಲ್ಲಿ ಮಕ್ಕಳ ನೆರವಿಗೆಂದೇ ಒಂದು ನಿಧಿಗೆ ಮತ ಹಾಕಿದರು. ವರ್ಷಕ್ಕೆ 6 ಕೋಟಿ ಡಾಲರ್‌ವರೆಗೆ ಬೆಳೆಯುವ ನಿಧಿ. ಶಾಲೆಗಳು ಟ್ಯೂಟರ್, ಸಮಾಜ ಕಾರ್ಯಕರ್ತರು, ಮಾನಸಿಕ ನೆರವು ಇವಕ್ಕೆ ಅರ್ಜಿ ಹಾಕಬಹುದು. 2024ರಲ್ಲಿ ಕಟ್ಟಡ ರಿಪೇರಿಗೆ 79 ಕೋಟಿ ಡಾಲರ್ ಸಾಲಪತ್ರಕ್ಕೂ ಹೂಂ ಅಂದರು. ಹೊಸದಕ್ಕೆ ಕೊಡುವುದು ಸುಲಭ. ಇರುವುದರಲ್ಲಿ ಯಾವುದನ್ನು ಬಿಡಬೇಕು ಎಂದು ಹೇಳುವ ಕೆಲಸ ತಿಂಗಳಿಗೆ 500 ಡಾಲರಿನ ಏಳು ಜನಕ್ಕೆ ಉಳಿಯಿತು. 2024ರಲ್ಲಿ ಅವರ ಹಿಂದೆ ರಾಜ್ಯದವರೂ ಬಂದು ಕೂತರು. ಬೋರ್ಡು ತಪ್ಪಿದರೆ ರಾಜ್ಯ ತಾನೇ ಮುಚ್ಚುತ್ತೆ ಎಂಬ ಭಯ ಒಂದು ಕಡೆ. ರಾಜ್ಯವೇ ಮುಚ್ಚಿಬಿಡಲಿ, ನಮ್ಮ ಕೈಗೆ ಮಸಿ ಆಗುವುದು ತಪ್ಪುತ್ತೆ ಎಂಬ ಒಳ ಆಸೆ ಇನ್ನೊಂದು ಕಡೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ಗೆಳೆಯನ ಮತದ ಹಕ್ಕೂ ನಡುವೆ ಹೋಗಿ ಬಂತು. 2022ರ ಜುಲೈನಲ್ಲಿ ಒಂದು ಕೋರ್ಟು ಆ ನಿಯಮವನ್ನು ರದ್ದು ಮಾಡಿತು, 2023ರ ಆಗಸ್ಟ್‌ನಲ್ಲಿ ಮೇಲಿನ ಕೋರ್ಟು ಉಳಿಸಿತು. ಅವನ ವೀಸಾ ಇನ್ನೂ ಎಚ್-1ಬಿಯೇ. ದೊಡ್ಡವಳು ಮಿಡ್ಲ್ ಸ್ಕೂಲಿಗೆ ಹೋಗಿದ್ದಾಳೆ, ಎಂಟನೇ ತರಗತಿಯ ಬೀಜಗಣಿತ ಅವಳ ಶಾಲೆಗೆ ಯಾವ ರೂಪದಲ್ಲಿ ಬರುತ್ತೆ ಎಂದು ಅವನು ಕಾಯುತ್ತಿದ್ದಾನೆ. ಚಿಕ್ಕವಳು ಮೂರನೇ ತರಗತಿ. ಮೊನ್ನೆ ಅವನ ಮನೆಗೆ ಊಟಕ್ಕೆ ಹೋದಾಗ ಶಾಲೆಯ ವರ್ಷದ ಪುಸ್ತಕ ಮೇಜಿನ ಮೇಲಿತ್ತು. ಕ್ಲಾಸಿಗೊಂದು ಪುಟ, ಪುಟದ ತುಂಬ ಚಿಕ್ಕ ಚಿಕ್ಕ ಫೋಟೊ. ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದೊಂದು ಅಂಕಿ ಬರೆದಿತ್ತು. ಇದೇನೋ ಎಂದು ಕೇಳಿದೆ. ಕೊನೆಯ ಪುಟ ತಿರುಗಿಸಿ ಕೂಡಿಸಿದ್ದನ್ನು ತೋರಿಸಿದ. 243.